ಆನೆ ಪತ್ತೆ ಯಂತ್ರಕ್ಕಿಂತ ಮಳೆ ಅಳೆಯುವ ಡಬ್ಬಿ ಮೇಲು: ಮೊದಲ ವರ್ಷದವರ ಪ್ರೋಟೋಟೈಪ್ ಸ್ಪರ್ಧೆ ನಡೆಯುವುದು ಹೀಗೆ

ಸಿಇಟಿ ಸೀಟು ಹಂಚಿಕೆ ಮುಗಿದು ಎಂಜಿನಿಯರಿಂಗ್ ಮೊದಲ ವರ್ಷದ ತರಗತಿ ಶುರುವಾಗುವ ಹೊತ್ತಿಗೆ ಕೊಡಗಿನಲ್ಲಿ ಮಳೆ ಇನ್ನೂ ಪೂರ್ತಿ ಬಿಟ್ಟಿರುವುದಿಲ್ಲ. ಮಗಳು ಹಾಸ್ಟೆಲ್ ಸೇರಿ ತಿಂಗಳಾಗುವುದರೊಳಗೆ ಫೋನ್ ಬರುತ್ತದೆ: “ಅಪ್ಪಾ, ನಮ್ಮ ಟೀಮಿಗೆ ಪ್ರೋಟೋಟೈಪ್ ಕಾಂಪಿಟೇಶನ್ ಇದೆ. ಎರಡು ಸಾವಿರ ಹಾಕ್ತೀರಾ?” ಪ್ರೋಟೋಟೈಪ್ ಎಂದರೆ ಕೆಲಸ ಮಾಡಿ ತೋರಿಸುವ ಮೊದಲ ಮಾದರಿ. ಅಪ್ಪನಿಗೆ ಅನುಮಾನ. ಒಂದು ಇಂಟರ್ನಲ್ಸ್ ಕೂಡ ಆಗಿಲ್ಲ, ಪಾಠವೇ ಸರಿಯಾಗಿ ಶುರುವಾಗಿಲ್ಲ, ಇವರು ಅದೇನು ಯಂತ್ರ ಮಾಡಿಯಾರು?

ಅನುಮಾನ ನ್ಯಾಯವಾದದ್ದೇ. ಆದರೆ ಪಾಠಕ್ಕೆ ಮೊದಲೇ ಈ ಸ್ಪರ್ಧೆ ಇಡುವುದು ಬೇಕೆಂದೇ ಮಾಡುವ ಕೆಲಸ. ಯಾಕೆ ಎಂದು ತಿಳಿಯಬೇಕಾದರೆ ಅದರ ಒಳಗಿನ ಲೆಕ್ಕಾಚಾರ ಸ್ವಲ್ಪ ಬಿಡಿಸಿ ನೋಡಬೇಕು.

ಹೊರಗಿನ ಚೌಕಟ್ಟು ಸರಳ. ನಾಲ್ಕರಿಂದ ಆರು ಜನರ ತಂಡ, ಒಂದು ಸಮಸ್ಯೆ, ಇಷ್ಟೇ ದಿನ, ಇಷ್ಟೇ ದುಡ್ಡು ಅಥವಾ ಇಷ್ಟೇ ಸಾಮಾನು ಎಂಬ ಮಿತಿ. ಕೊನೆಯ ದಿನ ಎಲ್ಲರೆದುರು ಅದನ್ನು ನಡೆಸಿ ತೋರಿಸಬೇಕು. ಹೈಸ್ಕೂಲಿನಲ್ಲಿ ನಾವೆಲ್ಲ ಥರ್ಮೊಕೋಲಿನಲ್ಲಿ ಜ್ವಾಲಾಮುಖಿ, ಮಳೆಕೊಯ್ಲು ಮಾಡಿ ಬಹುಮಾನ ತಂದವರೇ. ಅಲ್ಲಿ ಉತ್ತರ ಮೊದಲೇ ಪುಸ್ತಕದಲ್ಲಿತ್ತು, ನಾವು ಅದಕ್ಕೆ ಬಣ್ಣ ಹಚ್ಚಿದೆವು. ಇಲ್ಲಿ ತಂಡ ಕಟ್ಟುವ ವಸ್ತು ಕೆಲಸ ಮಾಡುತ್ತದೋ ಇಲ್ಲವೋ ಎಂಬುದು ಮೇಷ್ಟ್ರಿಗೂ ಗೊತ್ತಿಲ್ಲ, ತೀರ್ಪುಗಾರರಿಗೂ ಗೊತ್ತಿಲ್ಲ. ಹನ್ನೆರಡು ವರ್ಷ ಗೊತ್ತಿರುವ ಉತ್ತರವನ್ನೇ ಬರೆದು ನೂರಕ್ಕೆ ತೊಂಬತ್ತೈದು ತೆಗೆದುಕೊಂಡು ಬಂದ ಮಕ್ಕಳಿಗೆ ಇದು ಮೊದಲ ಸಲ ಎದುರಾಗುವ ಪರಿಸ್ಥಿತಿ. ಕೈ ನಡುಗುತ್ತದೆ. ನಡುಗಲಿ ಎಂದೇ ಇಡುವುದು.

ಈ ಬಗೆಯ ಸ್ಪರ್ಧೆಗೆ ಹೆಸರು ತಂದುಕೊಟ್ಟದ್ದು ಅಮೆರಿಕದ ತಾಂತ್ರಿಕ ವಿಶ್ವವಿದ್ಯಾಲಯ ಎಂಐಟಿ. 1970ರ ದಶಕದಲ್ಲಿ ಅಲ್ಲಿನ ಪ್ರಾಧ್ಯಾಪಕ ವುಡೀ ಫ್ಲವರ್ಸ್ ವಿನ್ಯಾಸದ ಕೋರ್ಸಿನಲ್ಲಿ ಪ್ರತಿ ವಿದ್ಯಾರ್ಥಿಗೂ ಒಂದೇ ತರಹದ ಚಿಲ್ಲರೆ ಸಾಮಾನಿನ ಕಟ್ಟು ಕೊಟ್ಟು, ಅದರಲ್ಲೇ ಯಂತ್ರ ಮಾಡಿ ಕೊನೆಗೆ ಒಬ್ಬರ ಯಂತ್ರ ಇನ್ನೊಬ್ಬರದರ ಎದುರು ಸೆಣಸುವಂತೆ ಮಾಡಿದರು. ಎಲ್ಲರಿಗೂ ಒಂದೇ ಸಾಮಾನು ಎಂಬುದೇ ಅದರ ಜೀವಾಳ. ಅಪ್ಪನ ಹತ್ತಿರ ದುಡ್ಡಿರುವವನಿಗೆ ಅಲ್ಲಿ ಹೆಚ್ಚಿನ ಅನುಕೂಲವಿಲ್ಲ. ಮುಂದೆ 1989ರಲ್ಲಿ ಡೀನ್ ಕೇಮನ್ ಶಾಲಾ ಮಕ್ಕಳಿಗಾಗಿ ‘ಫಸ್ಟ್’ ಸಂಸ್ಥೆ ಕಟ್ಟಿದಾಗ ಅದರ ರೊಬೊಟಿಕ್ಸ್ ಸ್ಪರ್ಧೆಯ ರೂಪುರೇಷೆಯಲ್ಲೂ ಫ್ಲವರ್ಸ್ ಕೈ ಇತ್ತು.

ನಮ್ಮಲ್ಲಿ ಎಲ್ಲರೂ ಕೇಳಿರುವ ಹೆಸರು ಸ್ಮಾರ್ಟ್ ಇಂಡಿಯಾ ಹ್ಯಾಕಥಾನ್, ಕೊಟ್ಟ ಸಮಸ್ಯೆಗೆ ಪರಿಹಾರ ಕಟ್ಟುವ ರಾಷ್ಟ್ರಮಟ್ಟದ ವಿದ್ಯಾರ್ಥಿ ಸ್ಪರ್ಧೆ. 2017ರಲ್ಲಿ ಶುರುವಾದದ್ದು, ತಂಡಕ್ಕೆ ಆರು ಜನ, ಅವರಲ್ಲಿ ಒಬ್ಬಳಾದರೂ ಹುಡುಗಿ ಇರಲೇಬೇಕು. ಆದರೆ ಅದಕ್ಕೆ ಮೊದಲ ವರ್ಷದವರೂ ಮೂರನೇ ವರ್ಷದವರೂ ಒಟ್ಟಿಗೇ ಇಳಿಯುವುದರಿಂದ ಹೊಸಬರು ಮೂಲೆಯಲ್ಲಿ ಕೂತು ಪಿಪಿಟಿ ಮಾಡುವುದೇ ಹೆಚ್ಚು. ಹಾಗಾಗಿ ಹೊಸಬರಿಗೆಂದೇ ಬೇರೆ ಸ್ಪರ್ಧೆ ಬೇಕು. ತಾಂತ್ರಿಕ ಶಿಕ್ಷಣದ ರಾಷ್ಟ್ರೀಯ ಮಂಡಳಿ ಎಐಸಿಟಿಇ ಹೇಳುವ, ಹೊಸಬರನ್ನು ಕಾಲೇಜಿಗೆ ಒಗ್ಗಿಸುವ ಮೂರು ವಾರದ ಇಂಡಕ್ಷನ್ ಕಾರ್ಯಕ್ರಮದಲ್ಲಿ ಇದಕ್ಕೆ ಜಾಗವಿದೆ. ಪೊನ್ನಂಪೇಟೆಯ ಮತ್ತು ಕುಶಾಲನಗರದ ಎಂಜಿನಿಯರಿಂಗ್ ಕಾಲೇಜುಗಳು ಸೇರಿರುವ ವಿಶ್ವೇಶ್ವರಯ್ಯ ತಾಂತ್ರಿಕ ವಿಶ್ವವಿದ್ಯಾಲಯ (ವಿಟಿಯು) ಕೂಡ 2022ರ ಸ್ಕೀಮಿನಲ್ಲಿ, ಎಂದರೆ ಪಠ್ಯಕ್ರಮದಲ್ಲಿ, ಮೊದಲ ವರ್ಷಕ್ಕೇ ‘ಇನೊವೇಶನ್ ಅಂಡ್ ಡಿಸೈನ್ ಥಿಂಕಿಂಗ್’ ಎಂಬ ಒಂದು ಕ್ರೆಡಿಟ್ಟಿನ ವಿಷಯ ಇಟ್ಟಿತು. ಅದನ್ನು ನೋಟ್ಸ್ ಬರೆಸಿ ಮುಗಿಸುವುದೋ, ಕೈಗೆ ಕತ್ತರಿ ಕೊಟ್ಟು ಮುಗಿಸುವುದೋ ಎಂಬುದು ಕಾಲೇಜಿಗೆ ಬಿಟ್ಟದ್ದು. ನನ್ನ ಮತ ಯಾವ ಕಡೆ ಎಂದು ಬೇರೆ ಹೇಳಬೇಕಿಲ್ಲ.

ಮೊದಲ ದಿನ ಬಹಳ ಕಡೆ ಒಂದು ಆಟ ಆಡಿಸುತ್ತಾರೆ. ಪೀಟರ್ ಸ್ಕಿಲ್‌ಮನ್ ಹುಟ್ಟುಹಾಕಿದ, 2010ರ ಟೆಡ್ ಭಾಷಣದಿಂದ ಟಾಮ್ ವುಜೆಕ್ ಲೋಕಕ್ಕೆಲ್ಲ ಹಬ್ಬಿಸಿದ ಆಟ. ಬೇಯಿಸದ ಸ್ಪಗೆಟ್ಟಿಯ (ಉದ್ದ ಶ್ಯಾವಿಗೆಯಂಥ ತಿನಿಸು) 20 ಕಡ್ಡಿ, ಒಂದು ಗಜ ಟೇಪ್, ಒಂದು ಗಜ ದಾರ, ಒಂದು ಮಾರ್ಷ್‌ಮ್ಯಾಲೋ ಮಿಠಾಯಿ. 18 ನಿಮಿಷದಲ್ಲಿ ಆದಷ್ಟು ಎತ್ತರದ ಗೋಪುರ ಕಟ್ಟಬೇಕು, ತುದಿಯಲ್ಲಿ ಮಿಠಾಯಿ ನಿಲ್ಲಬೇಕು. ಈ ಆಟದಲ್ಲಿ ಶಿಶುವಿಹಾರದ ಮಕ್ಕಳ ಸರಾಸರಿ ಎತ್ತರ ಎಂಬಿಎ ವಿದ್ಯಾರ್ಥಿಗಳ ಎತ್ತರವನ್ನು ಮೀರುತ್ತದೆ ಎಂದು ವುಜೆಕ್ ತೋರಿಸಿದರು. ದೊಡ್ಡವರು ಹದಿನೈದು ನಿಮಿಷ ಚರ್ಚೆ ಮಾಡಿ, ಚಿತ್ರ ಬರೆದು, ಗೋಪುರ ಕಟ್ಟಿ, ಕಟ್ಟಕಡೆಗೆ ಮಿಠಾಯಿ ಇಡುತ್ತಾರೆ. ಅದು ಕಾಣುವಷ್ಟು ಹಗುರವಲ್ಲ, ಎಲ್ಲ ಕುಸಿಯುತ್ತದೆ. ಮಕ್ಕಳು ಶುರುವಿನಿಂದಲೇ ಮಿಠಾಯಿ ಮೇಲಿಟ್ಟು, ಬಿದ್ದದ್ದನ್ನು ಸರಿಮಾಡುತ್ತ ಹೋಗುತ್ತಾರೆ. ಸ್ಪಗೆಟ್ಟಿ ಸಿಗದ ಊರಿನಲ್ಲಿ ಪೊರಕೆ ಕಡ್ಡಿ ಕಟ್ಟಿ ಮೇಲೊಂದು ನೆಲ್ಲಿಕಾಯಿ ಇಟ್ಟರೂ ಆಟ ಅದೇ. ಕೆಲಸ ಕೆಡಬಹುದಾದ ಜಾಗವನ್ನು ಮೊದಲ ದಿನವೇ ಮುಟ್ಟಿ ನೋಡುವ ಈ ಅಭ್ಯಾಸವನ್ನು ಕಲಿಸುವುದಕ್ಕೇ ಇಡೀ ಸ್ಪರ್ಧೆ ಇರುವುದು.

ಆನೆ ಬೇಡ ಎನ್ನಲು ಕಾರಣ

ಕೊಡಗಿನ ಮಕ್ಕಳಿಗೆ ಸಮಸ್ಯೆ ಹುಡುಕಿ ಎಂದರೆ ಮೊದಲು ಹೊಳೆಯುವುದು ಆನೆ. ಸಿದ್ದಾಪುರ, ತಿತಿಮತಿ ಕಡೆಯವರು ಯಾರಾದರೂ ತಂಡದಲ್ಲಿದ್ದರೆ ಮುಗಿದೇ ಹೋಯಿತು. ಸಮಸ್ಯೆ ನಿಜವಾದದ್ದು, ಜೀವ ಹೋಗುವಂಥದ್ದು; ಅದನ್ನು ಹಗುರ ಮಾಡುತ್ತಿಲ್ಲ. ಆದರೆ ಹೊಸಬರ ತಂಡ ಮಾಡುವುದು ಏನು? ಆರ್ಡುಯಿನೊ ಎಂಬ ಪುಟ್ಟ ಕಂಪ್ಯೂಟರ್ ಬೋರ್ಡಿಗೆ, ಶಬ್ದದ ಅಲೆಯಿಂದ ದೂರ ಅಳೆಯುವ, ಅಂಗಡಿಯಲ್ಲಿ ಸುಲಭಕ್ಕೆ ಸಿಗುವ ಅಲ್ಟ್ರಾಸಾನಿಕ್ ಸೆನ್ಸರ್ ಜೋಡಿಸಿ, ಎದುರು ಕೈ ಹಿಡಿದಾಗ ಬಜರ್ ಕೂಗಿಸುತ್ತಾರೆ. ಆ ಸೆನ್ಸರ್ ನೋಡಬಲ್ಲ ದೂರ ಹೆಚ್ಚೆಂದರೆ ನಾಲ್ಕು ಮೀಟರ್. ನಾಲ್ಕು ಮೀಟರಿನಲ್ಲಿ ಆನೆ ನಿಂತಿದ್ದರೆ ಅದನ್ನು ತಿಳಿಸಲು ಬಜರ್ ಬೇಕಾಗುವುದಿಲ್ಲ.

ಅದಕ್ಕಿಂತ ದೊಡ್ಡ ತೊಡಕು, ಅದನ್ನು ಪರೀಕ್ಷಿಸಲು ಆನೆ ಬೇಕು. ದುಬಾರೆಯ ಆನೆ ಶಿಬಿರದಿಂದ ಕರೆಸಲಾಗುವುದಿಲ್ಲ. ಪರೀಕ್ಷೆ ಮಾಡಲಾಗದ್ದನ್ನು ಕಟ್ಟಿದ ತಂಡಕ್ಕೆ ಅದು ಎಲ್ಲಿ ತಪ್ಪಿತು ಎಂದು ತಿಳಿಯುವ ದಾರಿಯೇ ಇಲ್ಲ. ಹಾಗಾಗಿ ಕೊನೆಗೆ ಉಳಿಯುವುದು ಒಂದು ಒಳ್ಳೆಯ ಭಾಷಣ, ಒಂದು ಥರ್ಮೊಕೋಲ್ ಆನೆ. ಹೊಸಬರು ಸಮಸ್ಯೆ ಆರಿಸುವಾಗ ಕೇಳಿಕೊಳ್ಳಬೇಕಾದ ಪ್ರಶ್ನೆ ಇದೊಂದೇ: ಇದು ಕೆಲಸ ಮಾಡುತ್ತದೋ ಇಲ್ಲವೋ ಎಂದು ಈ ವಾರದೊಳಗೆ, ಹಾಸ್ಟೆಲ್ ಹಿಂದಿನ ಜಾಗದಲ್ಲಿ, ನಾವೇ ನೋಡಬಹುದೇ?

ಅಂಥ ಸಮಸ್ಯೆಗೆ ತೋಟದಲ್ಲಿ ಬರವಿಲ್ಲ. ಮಳೆಯನ್ನೇ ತೆಗೆದುಕೊಳ್ಳಿ. ಕಾಫಿ ತೋಟದವರು ಮಳೆ ಲೆಕ್ಕವನ್ನು ಇಂದಿಗೂ ಇಂಚು, ಸೆಂಟಿನಲ್ಲೇ ಹೇಳುವುದು. ಇಂಚಿನ ನೂರನೇ ಒಂದು ಭಾಗ ಒಂದು ಸೆಂಟ್, ಎಂದರೆ 0.254 ಮಿಲಿಮೀಟರ್. ಫೆಬ್ರವರಿಯಿಂದ ಏಪ್ರಿಲ್‌ವರೆಗೆ ಬೀಳುವ ಹೂಮಳೆ ಹತ್ತಿರಹತ್ತಿರ ಒಂದು ಇಂಚಾದರೂ ಬಂದರೆ ರೊಬಸ್ಟಾ ತಳಿಯ ಕಾಫಿ ಮೊಗ್ಗು ಚೆನ್ನಾಗಿ ಅರಳುತ್ತದೆ. ಮೂವತ್ತು ಸೆಂಟ್ ಬಿದ್ದು ನಿಂತರೆ ಕಷ್ಟ, ಕೂಡಲೇ ಸ್ಪ್ರಿಂಕ್ಲರ್ ಹಾಕಬೇಕು. ಆ ಕಾಲದ ಮಳೆಯ ಗುಣ ಎಲ್ಲರಿಗೂ ಗೊತ್ತು: ಮನೆ ಮುಂದೆ ಸುರಿದರೂ ತೋಟದ ಕೆಳಗಿನ ಬ್ಲಾಕಿಗೆ ಹನಿಯೂ ಬಿದ್ದಿರುವುದಿಲ್ಲ. ಮಳೆ ಅಳೆಯುವ ಗೇಜು ಇರುವುದು ಮಾತ್ರ ಮನೆ ಹತ್ತಿರ ಒಂದು.

ತಂಡ ಇದನ್ನು ಹುಡುಕಿಕೊಳ್ಳುವ ರೀತಿಯಲ್ಲೂ ಒಂದು ಕಲಿಕೆ ಇದೆ. ತೋಟದವರ ಹತ್ತಿರ ಹೋಗಿ “ಅಂಕಲ್, ನಿಮಗೆ ಪ್ರತಿ ಬ್ಲಾಕಿನ ಮಳೆ ಮೊಬೈಲಲ್ಲಿ ತೋರಿಸೋ ಮೆಷಿನ್ ಮಾಡಿಕೊಟ್ರೆ ಬಳಸ್ತೀರಾ?” ಎಂದು ಕೇಳಿದರೆ ಅವರು “ಓ, ಒಳ್ಳೇದು, ಮಾಡಿ ಮಾಡಿ” ಎನ್ನುತ್ತಾರೆ, ಕಾಫಿ ಕೊಟ್ಟು ಕಳಿಸುತ್ತಾರೆ. ಓದುವ ಮಕ್ಕಳ ಉತ್ಸಾಹಕ್ಕೆ ಯಾರೂ ತಣ್ಣೀರೆರಚುವುದಿಲ್ಲ. ಆ ಉತ್ತರದಿಂದ ಏನೂ ತಿಳಿಯಲಿಲ್ಲ. ಅದರ ಬದಲು “ಹೋದ ಮಾರ್ಚಲ್ಲಿ ರಾತ್ರಿ ಮಳೆ ಬಂತಲ್ಲ ಅಂಕಲ್, ಬೆಳಗ್ಗೆ ಎದ್ದು ಮೊದಲು ಏನು ಮಾಡಿದ್ರಿ?” ಎಂದು ಕೇಳಿದರೆ ಕತೆ ಬಿಚ್ಚಿಕೊಳ್ಳುತ್ತದೆ. ಗೇಜ್ ನೋಡಿದ್ದು, ಎಂಬತ್ತು ಸೆಂಟ್ ಇದ್ದದ್ದು, ಬೂಟು ಹಾಕಿಕೊಂಡು ಕೆಳಗಿನ ಬ್ಲಾಕಿಗೆ ಇಳಿದು ಮಣ್ಣು ಕೆರೆದು ಎಷ್ಟು ಆಳ ನೆನೆದಿದೆ ಎಂದು ನೋಡಿದ್ದು, ತೋಟದ ಕೆಲಸ, ಲೆಕ್ಕ ನೋಡುವ ರೈಟರ್‌ಗೆ ಫೋನ್ ಮಾಡಿ ಪಂಪ್ ಸೆಟ್ ಸಿದ್ಧ ಮಾಡಿಸಿದ್ದು. ಮಣ್ಣು ಕೆರೆದು ನೋಡುವ ಆ ಓಡಾಟವನ್ನು ತಪ್ಪಿಸಿದರೆ ಸಾಕು, ತಂಡದ ಕೆಲಸ ಗಟ್ಟಿ. ಮೊಬೈಲ್ ಆಪ್ ಬೇಕೋ ಬೇಡವೋ ಆಮೇಲಿನ ಮಾತು.

ಎಂಟು ಮಿಲಿಲೀಟರಿನ ಲೆಕ್ಕ

ಈಗ ಕಟ್ಟುವ ಕೆಲಸ. ತಾನಾಗಿ ಎಣಿಸುವ ಮಳೆಮಾಪಕದ ಒಳಗೆ ಇರುವುದು ನಡುವೆ ಗೋಡೆಯಿರುವ ಒಂದು ಪುಟ್ಟ ಜೋಡಿ ಬಟ್ಟಲು. ಮೇಲಿನ ಆಲಿಕೆಯಿಂದ ನೀರು ಒಂದು ಬದಿಗೆ ಬೀಳುತ್ತದೆ. ಅದು ತುಂಬಿದ ಕೂಡಲೇ ಆ ಕಡೆಗೆ ವಾಲಿ ಚೆಲ್ಲುತ್ತದೆ, ಅಷ್ಟರಲ್ಲಿ ಇನ್ನೊಂದು ಬದಿ ಆಲಿಕೆಯ ಕೆಳಗೆ ಬಂದು ನಿಲ್ಲುತ್ತದೆ. ಎಷ್ಟು ಸಲ ವಾಲಿತು ಎಂದು ಎಣಿಸಿದರೆ ಎಷ್ಟು ಮಳೆ ಎಂದು ಗೊತ್ತಾಗುತ್ತದೆ.

ಒಂದು ಸಲ ವಾಲಿದರೆ ಒಂದು ಸೆಂಟ್ ಆಗಬೇಕು ಎಂದುಕೊಳ್ಳಿ. ಆಲಿಕೆಯ ಬಾಯಿ 20 ಸೆಂಟಿಮೀಟರ್ ಅಗಲವಾದರೆ ಅದರ ವಿಸ್ತೀರ್ಣ 314 ಚದರ ಸೆಂಟಿಮೀಟರ್. ಅದರ ಮೇಲೆ 0.0254 ಸೆಂಟಿಮೀಟರ್ ಮಳೆ ನಿಂತರೆ ಆಗುವ ನೀರು ಹೆಚ್ಚುಕಡಿಮೆ 8 ಮಿಲಿಲೀಟರ್. ಶಾಲೆಯಲ್ಲಿ ವೃತ್ತದ ವಿಸ್ತೀರ್ಣ ಕಲಿತದ್ದು ಇಲ್ಲಿ ಕೈಗೆ ಬಂತು. ದುಡ್ಡು ಉಳಿಸಲು 10 ಸೆಂಟಿಮೀಟರಿನ ಬಾಟಲಿ ಕತ್ತರಿಸಿ ಆಲಿಕೆ ಮಾಡಿದರೆ? ಅಗಲ ಅರ್ಧವಾದರೆ ನೀರು ಕಾಲು ಭಾಗಕ್ಕೆ ಇಳಿದು ಬರೀ 2 ಮಿಲಿಲೀಟರ್ ಆಗುತ್ತದೆ. ಪ್ಲಾಸ್ಟಿಕ್ ಬಟ್ಟಲಿಗೆ ಅಂಟಿ ಉಳಿಯುವ ನಾಲ್ಕು ಹನಿಯೇ ಅಲ್ಲಿ ಹತ್ತನೇ ಒಂದು ಭಾಗದಷ್ಟು ಲೆಕ್ಕ ಕೆಡಿಸುತ್ತದೆ. ದೊಡ್ಡ ಆಲಿಕೆ ಯಾಕೆ ಬೇಕು ಎಂದು ಯಾರೂ ಪಾಠ ಮಾಡಬೇಕಿಲ್ಲ.

ಮೊದಲ ಮಾದರಿಗೆ ಕರೆಂಟೇ ಬೇಡ. ರಟ್ಟಿನಲ್ಲಿ ಬಟ್ಟಲು ಮಾಡಿ, ಪ್ಯಾಕಿಂಗ್ ಟೇಪ್ ಸುತ್ತಿ, ನಡುವೆ ಸೈಕಲ್ಲಿನ ಹಳೇ ಕಡ್ಡಿ ತೂರಿಸಿ, ಸಿರಿಂಜಿನಲ್ಲಿ ನೀರು ಬಿಟ್ಟು 8 ಮಿಲಿಲೀಟರಿಗೆ ವಾಲುತ್ತದೆಯೇ ಎಂದು ನೋಡಿದರೆ ಸಾಕು. ವಾಲುವುದಿಲ್ಲ. 11ಕ್ಕೆ ವಾಲುತ್ತದೆ, ಇಲ್ಲವೇ ಒಂದು ಕಡೆ 6, ಇನ್ನೊಂದು ಕಡೆ 10. ಬಟ್ಟಲಿನ ಕೆಳಗೆ ಎರಡೂ ಬದಿಗೆ ಒಂದೊಂದು ತಿರುಪು ಇಟ್ಟು, ಅದನ್ನು ಮೇಲೆ ಕೆಳಗೆ ಮಾಡಿ ಸರಿಪಡಿಸುವ ಉಪಾಯ ಅಲ್ಲೇ ಹುಟ್ಟುತ್ತದೆ. ದುಬಾರಿ ಮಳೆಮಾಪಕಗಳ ಒಳಗೂ ಅದೇ ತಿರುಪು ಇದೆ.

ಎರಡನೇ ಸುತ್ತಿಗೆ ಬಟ್ಟಲಿಗೆ ಸಣ್ಣ ಅಯಸ್ಕಾಂತ ಅಂಟಿಸಿ, ಪಕ್ಕದಲ್ಲಿ ರೀಡ್ ಸ್ವಿಚ್ ಇಡುತ್ತಾರೆ. ಗಾಜಿನ ಕೊಳವೆಯೊಳಗೆ ಎರಡು ಲೋಹದ ಪಟ್ಟಿ ಇರುವ ಈ ಸ್ವಿಚ್, ಅಯಸ್ಕಾಂತ ಹತ್ತಿರ ಹಾದಾಗ ಕೂಡಿಕೊಳ್ಳುತ್ತದೆ. ಆರ್ಡುಯಿನೊ ಅದನ್ನು ಎಣಿಸುತ್ತದೆ. ಇಲ್ಲಿ ಎಲ್ಲ ತಂಡಕ್ಕೂ ಕಾಯುತ್ತಿರುವ ಒಂದು ತೊಡಕು ಇದೆ. ಒಂದು ಸಲ ವಾಲಿದರೆ ಪರದೆಯ ಮೇಲೆ ಮೂರೋ ನಾಲ್ಕೋ ಏರುತ್ತದೆ. ಪಟ್ಟಿಗಳು ಕೂಡುವಾಗ ಕ್ಷಣಮಾತ್ರ ನಡುಗುತ್ತವೆ, ಬೋರ್ಡು ಆ ನಡುಕವನ್ನೂ ಎಣಿಸುವಷ್ಟು ಚುರುಕು. ಒಂದು ಎಣಿಕೆಯಾದ ಮೇಲೆ ಸೆಕೆಂಡಿನ ಹತ್ತನೇ ಒಂದು ಭಾಗ ಕಣ್ಣು ಮುಚ್ಚಿಕೊಂಡಿರು ಎಂದು ಕೋಡಿನಲ್ಲಿ ಒಂದು ಸಾಲು ಸೇರಿಸಿದರೆ ಸರಿಯಾಗುತ್ತದೆ. ಆ ಸಾಲು ಹುಡುಕಲು ಒಂದು ರಾತ್ರಿ ಹೋಗುತ್ತದೆ. ಮುಂದೆ ಡಿಜಿಟಲ್ ಎಲೆಕ್ಟ್ರಾನಿಕ್ಸ್ ಪಾಠದಲ್ಲಿ ಇದೇ ವಿಷಯ ಬಂದಾಗ ಬೆಂಚಿನ ಮೇಲೆ ನೆಟ್ಟಗೆ ಕೂರುವವರು ಈ ತಂಡದವರೇ.

ಸರಿಯೋ ತಪ್ಪೋ ನೋಡಲು ಮಳೆಗೆ ಕಾಯಬೇಕಿಲ್ಲ. ಮೆಡಿಕಲ್ ಶಾಪಿನಲ್ಲಿ ಸಿಗುವ ಡ್ರಿಪ್ ಸೆಟ್ಟನ್ನು ನೀರಿನ ಬಾಟಲಿಗೆ ಸಿಕ್ಕಿಸಿ, 800 ಮಿಲಿಲೀಟರ್ ನಿಧಾನಕ್ಕೆ ಬಿಟ್ಟರೆ ಎಣಿಕೆ 100ರ ಹತ್ತಿರ ಬರಬೇಕು, ಅದು ಒಂದು ಇಂಚು. ಅದೇ ನೀರನ್ನು ಒಂದು ನಿಮಿಷದಲ್ಲಿ ಸುರಿದರೆ ಎಣಿಕೆ ಇಳಿಯುತ್ತದೆ, ಏಕೆಂದರೆ ಬಟ್ಟಲು ವಾಲುತ್ತಿರುವ ಹೊತ್ತಿನಲ್ಲಿ ಬಿದ್ದ ನೀರು ಲೆಕ್ಕಕ್ಕೆ ಸಿಗದೆ ಹೋಗುತ್ತದೆ. ಹೂಮಳೆಗೆ ಈ ದೋಷ ನಡೆಯುತ್ತದೆ. ಭಾಗಮಂಡಲದ ಆಷಾಢದ ಮಳೆಗೆ ತಿದ್ದುಪಡಿ ಬೇಕಾದೀತು. ತನ್ನ ಯಂತ್ರ ಎಲ್ಲಿಯವರೆಗೆ ನಂಬಬಹುದು, ಎಲ್ಲಿಂದಾಚೆಗೆ ನಂಬಬಾರದು ಎಂದು ಹೀಗೆ ಬಾಯಿಬಿಟ್ಟು ಹೇಳಬಲ್ಲ ಹೊಸ ತಂಡ ಸಿಕ್ಕರೆ ನಾನು ಅವರಿಗೆ ಕಣ್ಣು ಮುಚ್ಚಿ ಬಹುಮಾನ ಕೊಡುತ್ತೇನೆ.

ತಂಡ, ತೀರ್ಪು

ತಂಡವನ್ನು ಸ್ನೇಹಿತರೇ ಸೇರಿ ಕಟ್ಟಿಕೊಳ್ಳಲಿ ಎಂದು ಬಿಟ್ಟರೆ ಒಂದೇ ಊರಿನವರು, ಒಂದೇ ಪಿಯು ಕಾಲೇಜಿನವರು ಗುಂಪಾಗುತ್ತಾರೆ. ಕನ್ನಡ ಮಾಧ್ಯಮದಿಂದ ಬಂದವರು, ಯಾರ ಪರಿಚಯವೂ ಇಲ್ಲದವರು ಉಳಿದುಬಿಡುತ್ತಾರೆ. ಚೀಟಿ ಎತ್ತುವುದೇ ಸರಿ. ಮೊದಲ ವರ್ಷದವರನ್ನು ಪಾಠಕ್ಕಾಗಿ ಎರಡು ಗುಂಪು ಮಾಡುವ ಫಿಸಿಕ್ಸ್ ಸೈಕಲ್ಲಿನವರನ್ನೂ ಕೆಮಿಸ್ಟ್ರಿ ಸೈಕಲ್ಲಿನವರನ್ನೂ ಬೆರೆಸಬೇಕು. ಮೊದಲೆರಡು ದಿನ ಮುಖ ಗಂಟಿಕ್ಕಿಕೊಂಡಿರುತ್ತಾರೆ, ಆಮೇಲೆ ಸರಿಹೋಗುತ್ತಾರೆ.

ಒಳಗಿನ ಕೆಲಸ ಹಂಚಿಕೆ ಮಾತ್ರ ಅವರಿಗೇ ಬಿಡಬೇಕು, ಒಂದೇ ಎಚ್ಚರದೊಂದಿಗೆ. ಐದೂ ಜನ ಕೋಡ್ ಬರೆಯಲು ಕೂತರೆ ಅದು ಐದು ಫಾರ್ವರ್ಡ್‌ಗಳನ್ನು ಇಟ್ಟುಕೊಂಡು ಗೋಲ್‌ಕೀಪರ್ ಇಲ್ಲದೆ ಹಾಕಿ ಮೈದಾನಕ್ಕೆ ಇಳಿದಂತೆ. ಕತ್ತರಿಸಿ ಅಂಟಿಸುವವರು, ವೈರಿಂಗ್ ನೋಡುವವರು, ಕೋಡ್ ಬರೆಯುವವರು, ಬಳಸುವವರ ಜತೆ ಮಾತಾಡಿ ಎಲ್ಲವನ್ನೂ ನೋಟ್‌ಬುಕ್ಕಿನಲ್ಲಿ ಬರೆದಿಡುವವರು. ಕೊನೆಯ ಕೆಲಸವನ್ನು ಸದ್ದಿಲ್ಲದೆ ಹುಡುಗಿಯರ ಪಾಲಿಗೆ ತಳ್ಳುವ ಚಾಳಿ ನಮ್ಮ ಕಾಲೇಜುಗಳಲ್ಲಿ ಇನ್ನೂ ಇದೆ. ಮಧ್ಯದಲ್ಲೊಮ್ಮೆ ಕೆಲಸಗಳನ್ನು ಕಡ್ಡಾಯವಾಗಿ ಅದಲುಬದಲು ಮಾಡಿಸಿದರೆ ಬೆಸುಗೆ ಕಡ್ಡಿ ಎಲ್ಲರ ಕೈಗೂ ಬರುತ್ತದೆ.

ತೀರ್ಪಿನ ವಿಷಯದಲ್ಲಿ ಹೆಚ್ಚಿನ ಸ್ಪರ್ಧೆಗಳು ಎಡವುತ್ತವೆ. ಐದು ನಿಮಿಷದ ಪಿಪಿಟಿ, ಎರಡು ಪ್ರಶ್ನೆ, ಚೆನ್ನಾಗಿ ಇಂಗ್ಲಿಷ್ ಮಾತಾಡಿದವರಿಗೆ ಮೊದಲ ಬಹುಮಾನ. ಇಂಥ ಕಡೆ ಬೆಂಗಳೂರಿನ ಎಲೆಕ್ಟ್ರಾನಿಕ್ಸ್ ಪೇಟೆಯಾದ ಎಸ್‌ಪಿ ರೋಡಿನಿಂದ ಸಿದ್ಧ ಕಿಟ್ ತರಿಸಿ ಮೇಲೆ ಹೊಸ ಸ್ಟಿಕ್ಕರ್ ಅಂಟಿಸಿದ ತಂಡವೂ ಗೆದ್ದುಬಿಡುತ್ತದೆ. ಇದನ್ನು ತಪ್ಪಿಸಲು ಕಠಿಣ ನಿಯಮಗಳೇನೂ ಬೇಡ. ಪರೀಕ್ಷೆಯನ್ನು ತಂಡದ ಕೈಯಿಂದ ತೆಗೆದು ತೀರ್ಪುಗಾರರ ಕೈಗೆ ಕೊಡಿ: ನೀರು ಸುರಿಯುವವರು ತೀರ್ಪುಗಾರರು, ಎಷ್ಟು ಸುರಿದೆವು ಎಂದು ಗುಟ್ಟಾಗಿಟ್ಟುಕೊಂಡು ಪರದೆಯ ಮೇಲೆ ಬಂದ ಅಂಕಿ ಕೇಳುವವರು. ಆಮೇಲೆ ತಂಡದ ಅತಿ ಮೌನಿ ಸದಸ್ಯನನ್ನು ಕರೆದು, ಬಿಸಾಡಿದ ಮೊದಲ ಮಾದರಿ ಎಲ್ಲಿ, ಯಾಕೆ ಬಿಸಾಡಿದಿರಿ ಎಂದು ಕೇಳಿ. ಕೊಂಡು ತಂದವರ ಹತ್ತಿರ ಬಿಸಾಡಿದ್ದು ಇರುವುದಿಲ್ಲ. ನನ್ನ ಲೆಕ್ಕದಲ್ಲಿ ನೂರರಲ್ಲಿ ನಲವತ್ತು ಅಂಕ ಈ ಪರೀಕ್ಷೆಗೆ, ನಲವತ್ತು ನೋಟ್‌ಬುಕ್ಕಿಗೆ ಮತ್ತು ಹಳೇ ಮಾದರಿಗಳಿಗೆ ಹೋಗಬೇಕು. ಭಾಷಣಕ್ಕೆ ಇಪ್ಪತ್ತು ಧಾರಾಳವಾಯಿತು. ಕನ್ನಡದಲ್ಲಿ ವಿವರಿಸಿದರೆ ಒಂದು ಅಂಕವೂ ಕಡಿಯಬಾರದು ಎಂದು ಮೊದಲೇ ಘೋಷಿಸಿಬಿಡಬೇಕು.

ಪೇಟೆಂಟ್ ಮಾತು ಎಲ್ಲಾದರೂ ಒಂದು ಕಡೆ ಬಂದೇ ಬರುತ್ತದೆ. ಹೊಸಬರ ಬಹುಪಾಲು ಮಾದರಿಗಳಿಗೆ ಅದು ಸಂಬಂಧಿಸಿದ್ದಲ್ಲ. ನಿಜವಾಗಿಯೂ ಹೊಸದೇನೋ ಇದ್ದರೆ ಎಲ್ಲರ ಮುಂದೆ ತೋರಿಸುವ ಮೊದಲೇ ತಾತ್ಕಾಲಿಕ ಅರ್ಜಿ ಹಾಕಬೇಕು, ಅಲ್ಲಿಂದ 12 ತಿಂಗಳೊಳಗೆ ಪೂರ್ಣ ವಿವರ ಸಲ್ಲಿಸಬೇಕು. ಇಷ್ಟು ಗೊತ್ತಿದ್ದರೆ ಸದ್ಯಕ್ಕೆ ಸಾಕು.

ಇನ್ನು ದುಡ್ಡು ಮತ್ತು ಸಾಮಾನು. ಕೊಡಗಿಗೆ ರೈಲಿಲ್ಲ, ಸೆನ್ಸರ್ ಮಾರುವ ಅಂಗಡಿ ಬೀದಿ ಬೀದಿಯಲ್ಲಿಲ್ಲ. ಆನ್‌ಲೈನಿನಲ್ಲಿ ತರಿಸಿದ ಸಾಮಾನು ಬರಬೇಕಾದ್ದು ರಸ್ತೆಯಲ್ಲೇ, ಘಾಟಿಯಲ್ಲಿ ಮಣ್ಣು ಕುಸಿದರೆ ಅದೂ ತಡ. ಹಾಗಾಗಿ ಸ್ಪರ್ಧೆ ಮಾಡುವ ಕಾಲೇಜು ಸಾಮಾನನ್ನು ತಾನೇ ಮೊದಲು ತರಿಸಿ, ಎಲ್ಲ ತಂಡಕ್ಕೂ ಒಂದೇ ತರಹದ ಪೆಟ್ಟಿಗೆ ಕೊಡುವುದು ಇಲ್ಲಿ ಎಲ್ಲಕ್ಕಿಂತ ಒಳ್ಳೆಯದು. ಫ್ಲವರ್ಸ್ ಮಾಡಿದ್ದೂ ಅದನ್ನೇ. ಸುಡುವ ಸಾಧ್ಯತೆ ಇರುವ ಸಣ್ಣ ಬಿಡಿಭಾಗಗಳು ಎರಡೆರಡು ಇರಲಿ, ಯಾರಾದರೊಬ್ಬರು ಪ್ಲಸ್ಸಿಗೆ ಮೈನಸ್ ಕೊಟ್ಟೇ ಕೊಡುತ್ತಾರೆ. ಮೊಬೈಲ್ ಪವರ್ ಬ್ಯಾಂಕಿನಲ್ಲಿ ನಡೆಯುವಂತೆ ಮಾಡಿದರೆ ಕರೆಂಟ್ ಹೋದರೂ ಪ್ರದರ್ಶನ ನಿಲ್ಲುವುದಿಲ್ಲ. ಆದರೆ ಕಡಿಮೆ ಕರೆಂಟ್ ಎಳೆಯುವ ಮಾದರಿಗಳಿಗೆ ಕೆಲವು ಪವರ್ ಬ್ಯಾಂಕ್ ತಾನಾಗಿ ಆಫ್ ಆಗುತ್ತವೆ, ಹಿಂದಿನ ದಿನವೇ ಇಡೀ ಗಂಟೆ ಓಡಿಸಿ ನೋಡಬೇಕು. ತ್ರೀಡಿ ಪ್ರಿಂಟರ್ ಇದ್ದರೆ ಸಂತೋಷ, ಆದರೆ ಅದರಲ್ಲಿ ಸಾಮಾನ್ಯವಾಗಿ ಬಳಸುವ ಪಿಎಲ್‌ಎ ಪ್ಲಾಸ್ಟಿಕ್ 60 ಡಿಗ್ರಿ ಆಸುಪಾಸಿನಲ್ಲೇ ಮೆದುವಾಗುತ್ತದೆ. ಬಿಸಿಲಿಗೆ ನಿಲ್ಲಿಸಿ ಗಾಜೇರಿಸಿದ ಕಾರಿನೊಳಗೆ ಮಾದರಿ ಬಿಟ್ಟು ಊಟಕ್ಕೆ ಹೋಗುವುದು ಬೇಡ.

ಮನೆಯಿಂದ ಎರಡು ಸಾವಿರ ಬೇಕೇ ಎಂದರೆ, ಕಾಲೇಜು ಪೆಟ್ಟಿಗೆ ಕೊಡುವುದಾದರೆ ಬೇಡ. ಕೊಡದಿದ್ದರೂ ಮೊದಲ ಕಂತಾಗಿ ಇನ್ನೂರು ಹಾಕಿ, ರಟ್ಟು, ಟೇಪು, ಸಿರಿಂಜಿನಲ್ಲಿ ಮಾಡಿದ ಮಾದರಿಯ ಫೋಟೊ ಕಳಿಸು ಎನ್ನಿ. ಫೋಟೊ ಬಂದರೆ ಉಳಿದದ್ದು ಹಾಕಬಹುದು.